ಓದುಗರ ಪ್ರಶ್ನೆ: ಶುಲ್ಕ ಕಟ್ಟಿ ಪಡೆಯುವ ಪ್ರಮಾಣಪತ್ರ ಬೇಕೇ?

ಪ್ರಶ್ನೆ: ನಾನು ಬಿಎಸ್‌ಸಿ ಮೂರನೆಯ ಸೆಮಿಸ್ಟರ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. ಆರು ಸಾವಿರ ರೂಪಾಯಿ ಕಟ್ಟಿದರೆ ಮನೆಯಿಂದಲೇ ಸಂಶೋಧನಾ ಇಂಟರ್ನ್‌ಶಿಪ್ ಮಾಡಿಸಿ ಪ್ರಮಾಣಪತ್ರ ಕೊಡುವುದಾಗಿ ಖಾಸಗಿ ಸಂಸ್ಥೆಯೊಂದು ಹೇಳುತ್ತಿದೆ. ಗೆಳತಿಯರಿಬ್ಬರು ಆಗಲೇ ಕಟ್ಟಿದ್ದಾರೆ. ನಮ್ಮದು ಖುಷ್ಕಿ ಹೊಲ. ಅಪ್ಪನ ಬಳಿ ಅಷ್ಟು ಹಣ ಕೇಳಲು ಮನಸ್ಸು ಬಾರದು. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರುಕು ಬಿಡುವುದನ್ನು ಚಿಕ್ಕಂದಿನಿಂದ ನೋಡಿ, ಅದರ ಬಗ್ಗೆಯೇ ಏನಾದರೂ ಮಾಡಬೇಕೆಂಬ ಆಸೆಯಿದೆ. ಶಿಷ್ಯವೇತನ ಸಿಗುವ ಇಂಟರ್ನ್‌ಶಿಪ್‌ಗಳು ಇವೆಯೇ?
— ಓದುಗರೊಬ್ಬರು, ಗದಗ

ಉತ್ತರ: ಕಟ್ಟಬೇಡಿ. ಪ್ರಯೋಗಾಲಯದ ಮುಖವನ್ನೇ ನೋಡದೆ ಪಡೆದ ಪ್ರಮಾಣಪತ್ರವನ್ನು ಮುಂದೆ ಎಂಎಸ್‌ಸಿ ಅಥವಾ ಪಿಎಚ್‌ಡಿ ಸಂದರ್ಶನದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀವು ಮೊದಲು ನೋಡಬೇಕಾದದ್ದು ಬೆಂಗಳೂರು, ದೆಹಲಿ ಮತ್ತು ಪ್ರಯಾಗರಾಜ್‌ನ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುತ್ತಾರೆ. ಶಿಷ್ಯವೇತನದ ಜೊತೆಗೆ ರೈಲು ಪ್ರಯಾಣದ ವೆಚ್ಚವೂ ಸಿಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ಇಂಥದ್ದೇ ಕಾರ್ಯಕ್ರಮವಿದೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಪದವಿಯ ಆರಂಭದ ವರ್ಷಗಳಲ್ಲಿರುವವರಿಗಾಗಿಯೇ ನಿಯಸ್ ಎಂಬ ಶಿಬಿರ ನಡೆಸುತ್ತದೆ. ನಮ್ಮ ಕಡೆಯ ಮಕ್ಕಳು ಎಡವುವುದು ಅಂಕಗಳಲ್ಲಿ ಅಲ್ಲ, ತಿಂಗಳುಗಳಲ್ಲಿ. ಅಕಾಡೆಮಿಗಳ ಅರ್ಜಿಯ ಕಾಲ ನವೆಂಬರ್ ಆಸುಪಾಸು. ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಹುಡುಕಲು ಕುಳಿತವರಿಗೆ ಉಳಿದಿರುವುದು ಶುಲ್ಕ ಕೇಳುವ ಸಂಸ್ಥೆಗಳು ಮಾತ್ರ.

ಅರ್ಜಿಯಲ್ಲಿ ನಿಜವಾದ ತೂಕವಿರುವುದು ನೀವು ಏನು ಮಾಡಬಯಸುತ್ತೀರಿ ಎಂದು ವಿವರಿಸುವ ಚಿಕ್ಕ ಬರಹಕ್ಕೆ ಮತ್ತು ಅಧ್ಯಾಪಕರ ಶಿಫಾರಸು ಪತ್ರಕ್ಕೆ. ‘ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿಯಿದೆ’ ಎಂದು ಎಲ್ಲರೂ ಬರೆಯುತ್ತಾರೆ. ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಸರಕಿದೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ನಿಮ್ಮ ಹೊಲದ ಬಿರುಕು. ಒಣಗುವ ಜೇಡಿಯಲ್ಲಿ ಬಿರುಕು ಹೇಗೆ ಹರಡುತ್ತದೆ ಎಂಬುದು ಮೃದು ದ್ರವ್ಯದ, ಅಂದರೆ ಜೇಡಿ, ನೊರೆಗಳಂಥ ಮೆತ್ತನೆಯ ವಸ್ತುಗಳ, ಭೌತಶಾಸ್ತ್ರದಲ್ಲಿ ಗಂಭೀರ ಪ್ರಶ್ನೆ, ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಆ ಕ್ಷೇತ್ರದಲ್ಲಿ ಕೆಲಸ ಮಾಡುವ ವಿಭಾಗವೇ ಇದೆ. ಒಂದು ತಟ್ಟೆಯಲ್ಲಿ ಕಲಸಿದ ಎರೆಮಣ್ಣನ್ನು ಬಿಸಿಲಿಗಿಟ್ಟು, ಮಣ್ಣಿನ ದಪ್ಪ ಹೆಚ್ಚಿದಂತೆ ಬಿರುಕುಗಳ ನಡುವಿನ ಅಂತರ ಹೇಗೆ ಬದಲಾಗುತ್ತದೆ ಎಂದು ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಖರ್ಚು ಏನೂ ಇಲ್ಲ. ಆ ಅಳತೆಗಳನ್ನು ಅರ್ಜಿಯಲ್ಲಿ ನಾಲ್ಕು ಸಾಲಿನಲ್ಲಿ ಹೇಳಿ. ಅದೇ ಟಿಪ್ಪಣಿಯನ್ನು ನಿಮ್ಮ ಅಧ್ಯಾಪಕರಿಗೂ ತೋರಿಸಿದರೆ, ಅವರ ಶಿಫಾರಸು ಪತ್ರದಲ್ಲಿ ‘ಶಿಸ್ತಿನ ವಿದ್ಯಾರ್ಥಿನಿ’ ಎಂಬ ಮಾಮೂಲು ಮಾತಿನ ಜೊತೆಗೆ ಹೇಳಲು ಏನಾದರೊಂದು ಇರುತ್ತದೆ.

ಮಣ್ಣಿನ ಬಗ್ಗೆ ಕೇಳಿ ತಿಳಿಯಲು ಬೆಂಗಳೂರಿನ ತನಕ ಹೋಗಬೇಕೆಂದೂ ಇಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಐಐಟಿಯ ಪ್ರಾಧ್ಯಾಪಕರಿಗೆ, ಅವರ ಕೆಲಸವನ್ನು ಓದಿಕೊಂಡು, ಒಬ್ಬೊಬ್ಬರಿಗೂ ಬೇರೆಯಾಗಿ ಬರೆಯಿರಿ. ಒಂದೇ ಪತ್ರವನ್ನು ಐವತ್ತು ಮಂದಿಗೆ ಕಳಿಸಿದರೆ ಅದು ಗೊತ್ತಾಗದೆ ಇರುವುದಿಲ್ಲ. ಶಿಷ್ಯವೇತನ ಉಂಟೇ ಎಂದು ಕೇಳುವುದು ಸಂಕೋಚದ ವಿಷಯವಲ್ಲ, ಆದರೆ ಮೊದಲ ಸಾಲಿನಲ್ಲೇ ಬೇಡ.

ವಿದ್ಯಾರ್ಥಿವೇತನದ ಮಾತು ಬೇರೆ. ರೈತರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿಯಲ್ಲಿ ಬಿಎಸ್‌ಸಿ ಓದುವ ರೈತರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ರೂಪಾಯಿ ಗೊತ್ತುಮಾಡಲಾಗಿತ್ತು. ತಂದೆಯವರ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆಗಿದೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ವಿಚಾರಿಸಿ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ, ಬಿಎಸ್‌ಸಿ ಓದುವ ಹಟ ಹಿಡಿದಿದ್ದಾನೆ. ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಯಾವಾಗ ಅರ್ಜಿ ಹಾಕಬೇಕು?
— ಪಾಲಕರೊಬ್ಬರು, ಹಾವೇರಿ

ಉತ್ತರ: ಅವನು ಪಿಯುಸಿ ಮುಗಿಸಿ ಬಿಎಸ್‌ಸಿಗೆ ಸೇರಿದ ವರ್ಷವೇ. ಮಂಡಳಿಯ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರಲ್ಲಿ ಬಂದು, ಮೂಲವಿಜ್ಞಾನದ ವಿಷಯಗಳನ್ನು ಆರಿಸಿಕೊಂಡಿರಬೇಕು; ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಇದು ಅನ್ವಯಿಸದು. ವರ್ಷಕ್ಕೆ 80,000 ರೂಪಾಯಿ ಎನ್ನುತ್ತಾರಲ್ಲ, ಅದರಲ್ಲಿ ಕೈಗೆ ಬರುವುದು 60,000. ಉಳಿದ 20,000 ಬೇಸಿಗೆಯಲ್ಲಿ ಮಾರ್ಗದರ್ಶಕರೊಬ್ಬರ ಬಳಿ ಮಾಡುವ ಸಂಶೋಧನಾ ಯೋಜನೆಗೆ ಮೀಸಲು.