ಹಾರ್ವರ್ಡ್‌ನ ರಾಲ್ಸ್ ಮತ್ತು ನೋಜಿಕ್ ನಡುವಿನ ಭಿನ್ನಾಭಿಪ್ರಾಯ ಏನು?

ಇಬ್ಬರೂ ಒಂದೇ ತತ್ವಶಾಸ್ತ್ರ ವಿಭಾಗದ ಪ್ರಾಧ್ಯಾಪಕರಾಗಿದ್ದರು. ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ಬರೆದ ಗ್ರಂಥಕ್ಕೆ ರಾಬರ್ಟ್ ನೋಜಿಕ್ 1974ರಲ್ಲಿ ‘ಅನಾರ್ಕಿ, ಸ್ಟೇಟ್, ಆಂಡ್ ಯುಟೋಪಿಯಾ’ ಪುಸ್ತಕದಲ್ಲೇ ಉತ್ತರ ಕೊಟ್ಟರು.

ರಾಲ್ಸ್ ವಾದ ಹೀಗಿದೆ: ನಮ್ಮ ವರ್ಗ, ಆಸ್ತಿ, ಪ್ರತಿಭೆ ಯಾವುದೂ ನಮಗೆ ಗೊತ್ತಿಲ್ಲ ಎಂದುಕೊಂಡು ಸಮಾಜದ ನಿಯಮ ಆರಿಸಿದರೆ, ತೀರಾ ಕೆಳಗಿರುವವರಿಗೂ ಅನುಕೂಲವಾಗುವ ಅಸಮಾನತೆಯನ್ನಷ್ಟೇ ಒಪ್ಪುತ್ತೇವೆ. ಎಲ್ಲರಿಗೂ ಸಮಾನ ಆದಾಯ ಸಿಗಬೇಕೆಂದು ಅವರು ಹೇಳಿಲ್ಲ. ಹಲವರು ಎಡವುವುದು ಇಲ್ಲೇ. ಮೂಲಭೂತ ಸ್ವಾತಂತ್ರ್ಯಗಳು ಮೊದಲು, ಆಮೇಲೆ ಅವಕಾಶದ ಸಮಾನತೆ, ಕೊನೆಗೆ ಈ ನಿಯಮ.

ನೋಜಿಕ್ ಕೊಟ್ಟ ಉದಾಹರಣೆ ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್. ನಿಮಗೆ ನ್ಯಾಯ ಎನಿಸಿದ ಯಾವುದೇ ಹಂಚಿಕೆಯಿಂದ ಶುರುಮಾಡಿ. 10 ಲಕ್ಷ ಪ್ರೇಕ್ಷಕರು ಖುಷಿಯಿಂದ ತಲಾ 25 ಸೆಂಟ್ ಕೊಟ್ಟರೆ ಅವನ ಕೈಗೆ 2.5 ಲಕ್ಷ ಡಾಲರ್ ಬರುತ್ತದೆ. ಯಾರಿಗೂ ಮೋಸವಾಗಿಲ್ಲವೆಂದರೆ ಇದರಲ್ಲಿ ಅನ್ಯಾಯ ಎಲ್ಲಿದೆ? ಹಳೆಯ ಹಂಚಿಕೆಯನ್ನೇ ಉಳಿಸಬೇಕಾದರೆ ಸರ್ಕಾರ ಜನರ ವ್ಯವಹಾರದಲ್ಲಿ ಸದಾ ಕೈಹಾಕುತ್ತಿರಬೇಕು.

ಉದಾಹರಣೆ ಚುರುಕಾಗಿದೆ, ಆದರೆ ರಾಲ್ಸ್‌ಗೆ ಪೂರ್ತಿ ತಾಗುವುದಿಲ್ಲ. ಅವರ ಗಮನ ಒಂದೊಂದು ವ್ಯವಹಾರದ ಮೇಲಲ್ಲ, ವ್ಯವಸ್ಥೆಯ ಮೂಲರಚನೆಯ ಮೇಲೆ. ತೆರಿಗೆ ಎಲ್ಲರಿಗೂ ಮುಂಚೆಯೇ ತಿಳಿದ ನಿಯಮವಾಗಿದ್ದರೆ, ಚೇಂಬರ್ಲೇನ್‌ಗೆ ನ್ಯಾಯವಾಗಿ ಸಲ್ಲುವುದು ತೆರಿಗೆ ಕಳೆದು ಉಳಿದ ಹಣ. ನೋಜಿಕ್ ಪುಸ್ತಕದ 7ನೇ ಅಧ್ಯಾಯದಲ್ಲಿ ಈ ಉದಾಹರಣೆಯೂ ಇದೆ, ರಾಲ್ಸ್ ವಿಮರ್ಶೆಯೂ ಇದೆ. ಓದನ್ನು ಅಲ್ಲಿಂದ ಶುರುಮಾಡಬಹುದು.