ಮನೆ ಕಂದಾಯ ಏರುತ್ತಿದೆ, ಶಾಲೆಗೆ ಮಾತ್ರ ದುಡ್ಡಿಲ್ಲ: ಟೆಕ್ಸಾಸ್ ಕನ್ನಡಿಗರ ಪ್ರಶ್ನೆಗಳು

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿದ್ದೇವೆ. ಮನೆ ತಗೊಂಡಾಗಿನಿಂದ ಕಂದಾಯ ಏರುತ್ತಲೇ ಬಂದಿದೆ. ಅದರಲ್ಲಿ ದೊಡ್ಡ ಪಾಲು ಶಾಲೆಗೆ ಅಂತಾರೆ. ಆದರೆ 2024ರಲ್ಲಿ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ನಾಲ್ಕು ಶಾಲೆ ಮುಚ್ಚಲು ತೀರ್ಮಾನಿಸಿತು. "ರಾಬಿನ್ ಹುಡ್ ಕಾನೂನು, ನಮ್ಮ ದುಡ್ಡೆಲ್ಲ ಬೇರೆ ಊರಿಗೆ ಹೋಗುತ್ತೆ" ಅಂತ ಅಕ್ಕಪಕ್ಕದವರು ಬೈಯುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಉಳಿದರ್ಧ ಗೊತ್ತಾಗದೆ ಜನ ತಪ್ಪು ಕಡೆ ಸಿಟ್ಟು ಮಾಡಿಕೊಳ್ಳುತ್ತಿದ್ದಾರೆ ಅನ್ನೋದೇ ನನ್ನ ಬೇಸರ.

ನಮ್ಮ ಕರ್ನಾಟಕದಲ್ಲಿ ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ರಾಜ್ಯದ ಬಜೆಟ್‌ನಿಂದ ಬರುತ್ತದೆ. ಊರಿನ ಮನೆಗಳು ಹೆಂಚಿನವಾ, ತಾರಸಿಯವಾ ಅನ್ನೋದರ ಮೇಲೆ ಅದು ನಿಂತಿಲ್ಲ. ಟೆಕ್ಸಾಸ್‌ನಲ್ಲಿ ಹಾಗಲ್ಲ. ಇಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ. ಶಾಲೆಯ ಖರ್ಚಿನ ಬಹುಪಾಲು ಹೊರೆ ಮನೆ, ಜಮೀನಿನ ಕಂದಾಯದ ಮೇಲೇ ಬಿದ್ದಿದೆ.

ಇದರಿಂದ ಏನಾಗುತ್ತಿತ್ತು ಅಂತ ತಿಳಿಯಬೇಕಾದರೆ ಸ್ಯಾನ್ ಆಂಟೋನಿಯೋ ನಗರದ ಎಡ್ಜ್‌ವುಡ್ ಕಥೆ ಕೇಳಬೇಕು. ಅದು ಮೆಕ್ಸಿಕನ್ ಮೂಲದ ಬಡವರೇ ಜಾಸ್ತಿ ಇದ್ದ ಕಡೆ. 1968ರಲ್ಲಿ ಅಲ್ಲಿನ ಹೈಸ್ಕೂಲ್ ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಡೆಮೆಟ್ರಿಯೋ ರೋಡ್ರಿಗೆಜ್ ಎಂಬ ಶೀಟ್ ಮೆಟಲ್ ಕೆಲಸಗಾರ, ಇನ್ನು ಕೆಲವು ಪಾಲಕರು ಸೇರಿ ಅದೇ ವರ್ಷ ಕೋರ್ಟಿಗೆ ಹೋದರು. ಕೋರ್ಟಿನ ಮುಂದೆ ಬಂದ ಲೆಕ್ಕ ನೋಡಿ. ಎಡ್ಜ್‌ವುಡ್ ಜನ 100 ಡಾಲರ್ ಆಸ್ತಿಗೆ 1.05 ಡಾಲರ್ ಕಂದಾಯ ಕಟ್ಟುತ್ತಿದ್ದರು. ಅದರಿಂದ ಹುಟ್ಟುತ್ತಿದ್ದದ್ದು ಮಗುವೊಂದಕ್ಕೆ ಬರೀ 26 ಡಾಲರ್. ಅದೇ ನಗರದ ಶ್ರೀಮಂತ ಬಡಾವಣೆ ಅಲಾಮೋ ಹೈಟ್ಸ್‌ನವರು ಕಟ್ಟುತ್ತಿದ್ದದ್ದು 85 ಸೆಂಟ್, ಸಿಗುತ್ತಿದ್ದದ್ದು 333 ಡಾಲರ್. ಬಡವರು ಹೆಚ್ಚು ದರದಲ್ಲಿ ಕಂದಾಯ ಕಟ್ಟಿ ಕಡಿಮೆ ಪಡೆಯುತ್ತಿದ್ದರು. ಈ ಎರಡು ಸಂಖ್ಯೆ ನೋಡಿದ ಮೇಲೂ "ನಮ್ಮೂರ ಕಂದಾಯ ನಮ್ಮೂರಿಗೇ" ಅಂತ ಹೇಳೋಕೆ ನನಗಂತೂ ಬಾಯಿ ಬರುವುದಿಲ್ಲ.

1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಆ ಪಾಲಕರ ವಿರುದ್ಧ ತೀರ್ಪು ಕೊಟ್ಟಿತು. ಆಮೇಲೆ ಹೋರಾಟ ರಾಜ್ಯದ ಕೋರ್ಟಿಗೆ ಹೋಯಿತು. 1989ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಒಮ್ಮತದಿಂದ, ಈ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು. ಅದರ ಫಲವಾಗಿ 1993ರಲ್ಲಿ ಬಂದದ್ದೇ ನಿಮ್ಮ ನೆರೆಯವರು ಬೈಯುವ ರಾಬಿನ್ ಹುಡ್ ಕಾನೂನು. ಸರ್ಕಾರಿ ಭಾಷೆಯಲ್ಲಿ ಅದರ ಹೆಸರು ರೀಕ್ಯಾಪ್ಚರ್.

ಅದು ನಡೆಯುವುದು ಹೀಗೆ. ಎಷ್ಟು ಮಕ್ಕಳು, ಎಂಥ ಮಕ್ಕಳು ಅಂತ ಲೆಕ್ಕ ಹಾಕಿ, ನಿಮ್ಮ ಡಿಸ್ಟ್ರಿಕ್ಟ್‌ಗೆ ಇಷ್ಟು ದುಡ್ಡು ಸಲ್ಲಬೇಕು ಅಂತ ರಾಜ್ಯ ಗೊತ್ತು ಮಾಡುತ್ತದೆ. ಮೊದಲು ಸ್ಥಳೀಯ ಕಂದಾಯದಿಂದ ಅದನ್ನು ತುಂಬಬೇಕು. ಕಡಿಮೆ ಬಿದ್ದರೆ ರಾಜ್ಯ ಕೊಡುತ್ತದೆ. ಜಾಸ್ತಿಯಾದರೆ ಹೆಚ್ಚಿನದನ್ನು ರಾಜ್ಯ ವಾಪಸ್ ಪಡೆಯುತ್ತದೆ. ಪ್ಲೇನೋ ಹೀಗೆ ವಾಪಸ್ ಕೊಡುವ ಡಿಸ್ಟ್ರಿಕ್ಟ್‌ಗಳಲ್ಲಿ ಒಂದು.

ಈಗ ನಿಮ್ಮ ಮನೆ ಬೆಲೆ ಏರಿತು, ಕಂದಾಯವೂ ಏರಿತು ಅಂದುಕೊಳ್ಳಿ. ಶಾಲೆಗೆ "ಸಲ್ಲಬೇಕಾದ" ಮೊತ್ತ ಏರಲಿಲ್ಲ. ಆಗ ನೀವು ಕಟ್ಟಿದ ಹೆಚ್ಚಿನ ದುಡ್ಡು ಎಲ್ಲಿಗೆ ಹೋಯಿತು? ರಾಜ್ಯ ತನ್ನ ಜೇಬಿನಿಂದ ಹಾಕಬೇಕಾದ ಪಾಲು ಅಷ್ಟು ಕಡಿಮೆಯಾಯಿತು. ವಾಪಸ್ ಕೊಟ್ಟ ದುಡ್ಡಿನ ಕಥೆಯೂ ಅಷ್ಟೇ. ಅದು ನೇರವಾಗಿ ಯಾವುದೋ ಬಡ ಊರಿನ ಕೈಗೆ ಹೋಗುವುದಿಲ್ಲ. ರಾಜ್ಯದ ಶಾಲಾ ಹಣದ ಲೆಕ್ಕಕ್ಕೆ ಸೇರಿ, ಅಲ್ಲೂ ರಾಜ್ಯದ ಹೊರೆಯನ್ನೇ ಇಳಿಸುತ್ತದೆ.

ಆ ಮೊತ್ತಕ್ಕೆ ಬುನಾದಿಯಾದ ತಲಾ ಹಣ 2019ರಲ್ಲಿ ಮಗುವೊಂದಕ್ಕೆ 6,160 ಡಾಲರ್ ಇತ್ತು. ಆರು ವರ್ಷ ಅದು ಕದಲಲಿಲ್ಲ. ಆ ಆರು ವರ್ಷದಲ್ಲಿ ದಿನಸಿ, ಡೀಸೆಲ್, ವಿಮೆ ಎಷ್ಟು ಏರಿದವು ಅಂತ ನಿಮಗೇ ಗೊತ್ತಲ್ವಾ? 2025ರಲ್ಲಿ ಶಾಸನಸಭೆ ಅದಕ್ಕೆ ಸೇರಿಸಿದ್ದು 55 ಡಾಲರ್. ಅದೇ ಮಸೂದೆಯಲ್ಲಿ ಶಿಕ್ಷಕರ ಸಂಬಳ ಏರಿಕೆಗೆ ಬೇರೆಯಾಗಿ ದೊಡ್ಡ ಮೊತ್ತ ಇಟ್ಟರು, ಅದನ್ನು ಒಪ್ಪಲೇಬೇಕು. ಬಸ್ಸು, ಕರೆಂಟಿನಂಥ ಖರ್ಚಿಗೂ ಬೇರೆಯಾಗಿ ಒಂದಿಷ್ಟು ಇಟ್ಟರು, ಆದರೆ ಅದು ಸಂಬಳದ ಮೊತ್ತಕ್ಕಿಂತ ಬಹಳ ಚಿಕ್ಕದು.

ಪ್ಲೇನೋದಲ್ಲಿ ಶಾಲೆ ಮುಚ್ಚಲು ಮಕ್ಕಳ ಸಂಖ್ಯೆ ಇಳಿದದ್ದೂ ಕಾರಣ. ಮನೆ ದುಬಾರಿಯಾದಾಗ ಚಿಕ್ಕ ಮಕ್ಕಳಿರುವ ಹೊಸ ಸಂಸಾರಗಳು ಇನ್ನೂ ದೂರಕ್ಕೆ ಹೋಗುತ್ತವೆ. ಮಕ್ಕಳು ಕಡಿಮೆಯಾದರೆ ಸಲ್ಲಬೇಕಾದ ದುಡ್ಡೂ ಕಡಿಮೆ. ಹಾಗಾಗಿ ಸಿಟ್ಟು ಮಾಡಿಕೊಳ್ಳುವುದಿದ್ದರೆ ರಾಜಧಾನಿ ಆಸ್ಟಿನ್‌ನಲ್ಲಿ ಕೂತ ಶಾಸಕರ ಮೇಲೆ ಮಾಡಿಕೊಳ್ಳಿ. ಎಡ್ಜ್‌ವುಡ್‌ನಂಥ ಊರಿನ ಮಕ್ಕಳು ನಿಮ್ಮಿಂದ ಏನನ್ನೂ ಕಿತ್ತುಕೊಂಡಿಲ್ಲ.

ಪ್ರಶ್ನೆ: ಪ್ಲೇನೋ ಪಕ್ಕದ ಫ್ರಿಸ್ಕೋದಲ್ಲಿ 2024ರ ನವೆಂಬರ್‌ನಲ್ಲಿ ಶಾಲೆ ಕಂದಾಯ ಏರಿಸುವ ಪ್ರಸ್ತಾವವನ್ನೂ ಬಾಂಡ್‌ಗಳನ್ನೂ ಮತದಾರರು ತಿರಸ್ಕರಿಸಿದರು. ಎರಡೂ ಒಂದೇ ಅಲ್ವಾ? ನನ್ನ ಕಂದಾಯದ ಬಿಲ್‌ನಲ್ಲಿ ಇದನ್ನು ಹೇಗೆ ಗುರುತಿಸುವುದು?

ಉತ್ತರ: ಎರಡೂ ಬೇರೆ. ಶಾಲೆ ಕಂದಾಯದ ದರದಲ್ಲಿ ಎರಡು ಭಾಗ ಇರುತ್ತವೆ. ಒಂದು, ದಿನನಿತ್ಯ ಶಾಲೆ ನಡೆಸುವ ಖರ್ಚಿಗೆ. ಇನ್ನೊಂದು, ಬಾಂಡ್ ಸಾಲ ತೀರಿಸುವುದಕ್ಕೆ. ಬಾಂಡ್ ದುಡ್ಡಲ್ಲಿ ಕಟ್ಟಡ ಕಟ್ಟಬಹುದು, ಬಸ್ಸು ಕೊಳ್ಳಬಹುದು. ಮೇಷ್ಟ್ರಿಗೆ ಸಂಬಳ ಕೊಡುವಂತಿಲ್ಲ. ಹೊಸ ಕ್ರೀಡಾಂಗಣ ಕಟ್ಟುತ್ತಲೇ ಶಿಕ್ಷಕರ ಹುದ್ದೆ ಕಡಿತ ಮಾಡುವುದು ಕಂಡು ಜನ ಗೊಂದಲಕ್ಕೆ ಬೀಳುವುದು ಇದಕ್ಕೇ.

ಒಂದು ಬಿಲ್ ಲೆಕ್ಕ ಮಾಡೋಣ. ಮನೆ ಬೆಲೆ 6,00,000 ಡಾಲರ್. ಸ್ವಂತ ವಾಸದ ಮನೆಗೆ ಶಾಲೆ ಕಂದಾಯದಲ್ಲಿ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ 1,40,000. ಉಳಿದದ್ದು 4,60,000. ನಡೆಸುವ ಖರ್ಚಿಗೆ ನೂರು ಡಾಲರ್‌ಗೆ 75 ಸೆಂಟ್, ಸಾಲಕ್ಕೆ 27 ಸೆಂಟ್ ಅಂತ ಇಟ್ಟುಕೊಂಡರೆ, ಮೊದಲನೆಯದು 3,450, ಎರಡನೆಯದು 1,242. ಒಟ್ಟು 4,692 ಡಾಲರ್. ರೀಕ್ಯಾಪ್ಚರ್ ಬಾಧೆ ಇರುವುದು ಮೊದಲ ಭಾಗಕ್ಕೆ ಮಾತ್ರ. ಬಾಂಡ್ ದುಡ್ಡು ಪೂರ್ತಿ ಊರಲ್ಲೇ ಉಳಿಯುತ್ತದೆ.

ನಡೆಸುವ ಖರ್ಚಿನ ದರ ಏರಿಸುವ ಪ್ರಸ್ತಾವ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ನಮ್ಮಲ್ಲಿ ಉಳಿಯುವುದೆಷ್ಟು? ಆಸ್ಟಿನ್ ನಗರದ ಡಿಸ್ಟ್ರಿಕ್ಟ್ 2024ರಲ್ಲಿ ಇಂಥದೊಂದು ಏರಿಕೆಗೆ ಮತ ಕೇಳಿತು. ವರ್ಷಕ್ಕೆ ಸುಮಾರು 171 ಮಿಲಿಯನ್ ಡಾಲರ್ ಹುಟ್ಟುತ್ತದೆ, ಅದರಲ್ಲಿ ಅವರಿಗೆ ಉಳಿಯುವುದು ಸುಮಾರು 41 ಮಿಲಿಯನ್ ಮಾತ್ರ. ಗೊತ್ತಿದ್ದೂ ಜನ ಒಪ್ಪಿದರು. ನಾನು ಅವರನ್ನು ಮೆಚ್ಚುತ್ತೇನೆ. ಹಾಗಂತ ಫ್ರಿಸ್ಕೋದವರನ್ನು ಸುಮ್ನೆ ಜಿಪುಣರು ಅನ್ನಲಾರೆ. ಇಂಥ ಲೆಕ್ಕ ಜನರ ನಂಬಿಕೆಯನ್ನೇ ಕೆಡಿಸುತ್ತದೆ.

ಹೋಮ್‌ಸ್ಟೆಡ್ ವಿನಾಯಿತಿಗೆ ಕೌಂಟಿಯ ಅಪ್ರೈಸಲ್ ಕಚೇರಿಯಲ್ಲಿ (ಮನೆಗಳಿಗೆ ಬೆಲೆ ಕಟ್ಟುವ ಕಚೇರಿ) ನೀವೇ ಅರ್ಜಿ ಹಾಕಬೇಕು. ಅದಕ್ಕೆ ಶುಲ್ಕ ಇಲ್ಲ. ದುಡ್ಡು ಕೇಳಿ ಬರುವ ಕಾಗದಗಳನ್ನು ನಂಬಬೇಡಿ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಈ ಮನೆಯ ವಿಳಾಸವೇ ಇರಬೇಕು. ವಿನಾಯಿತಿಯಿಂದ ಶಾಲೆಗೆ ಆಗುವ ಕೊರತೆಯನ್ನು ರಾಜ್ಯ ತುಂಬಿಕೊಡುತ್ತದೆ, ಆದ್ದರಿಂದ ಸಂಕೋಚ ಬೇಡ.

ಪ್ರಶ್ನೆ: ನಾವು ಎಚ್-1ಬಿ ಅನ್ನೋ ಕೆಲಸದ ವೀಸಾದವರು. ಕಂದಾಯ ಕಟ್ಟುತ್ತೇವೆ, ಮತ ಹಾಕುವಂತಿಲ್ಲ. ನಮ್ಮ ಕೈಯಲ್ಲಿ ಏನಿದೆ?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಟೆಕ್ಸಾಸ್ ಕಾನೂನಿನ ಪ್ರಕಾರ ಶಾಲಾ ಮಂಡಳಿ ತನ್ನ ಸಭೆಯಲ್ಲಿ, ಅಂದಿನ ವಿಷಯಪಟ್ಟಿಯ ಬಗ್ಗೆ ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಲೇಬೇಕು. ಮಾತಾಡಲು ಮತದಾರರೇ ಆಗಿರಬೇಕಿಲ್ಲ. ಹೆಸರು ಬರೆಸಿ, ಕೊಟ್ಟ ಎರಡು ಮೂರು ನಿಮಿಷದಲ್ಲಿ ಒಂದೇ ವಿಷಯ ಹೇಳಿ. ನಿಮ್ಮ ಕ್ಷೇತ್ರದ ಶಾಸಕರಿಗೂ ಕಾಗದ ಬರೆಯಿರಿ. ಟೆಕ್ಸಾಸ್ ಶಾಸನಸಭೆ ಬೆಸ ವರ್ಷಗಳ ಜನವರಿಯಲ್ಲಿ ಸೇರುತ್ತದೆ. ಅದಕ್ಕೆ ಮುಂಚಿನ ಕೆಲವು ತಿಂಗಳು ಬರೆಯಲು ಒಳ್ಳೆ ಸಮಯ. ತಲಾ ಹಣವನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಿ ಅಂತ ಕೇಳಿ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು. ಇಲ್ಲಿ ಶಾಲೆಗೆ ದುಡ್ಡು ಬರುವುದು ದಾಖಲಾದ ಮಕ್ಕಳ ಲೆಕ್ಕದಲ್ಲಲ್ಲ, ದಿನದಿನದ ಹಾಜರಿಯ ಲೆಕ್ಕದಲ್ಲಿ. ಡಿಸೆಂಬರ್ ರಜೆಗೆ ಊರಿಗೆ ಹೋಗಿ, ಟಿಕೆಟ್ ಅಗ್ಗ ಅಂತ ಎರಡು ವಾರ ತಡವಾಗಿ ಬಂದರೆ, ಆ ಗೈರುಹಾಜರಿಯೆಲ್ಲ ಶಾಲೆಗೆ ಬರುವ ದುಡ್ಡಿಗೇ ಕತ್ತರಿ. ಅಜ್ಜಿ ತಾತನ ಜೊತೆ ಇರೋದು ಮಕ್ಕಳಿಗೆ ಬೇಕೇ ಬೇಕು. ಆದಷ್ಟು ಶಾಲೆಗೆ ರಜೆ ಇರುವ ದಿನಗಳೊಳಗೇ ಹೊಂದಿಸಿಕೊಳ್ಳಿ, ಬೇಸಿಗೆ ರಜೆಯಲ್ಲಂತೂ ಎರಡು ತಿಂಗಳಿಗೂ ಮೇಲೆ ಸಮಯ ಸಿಗುತ್ತದೆ.