ಸ್ಟ್ಯಾಂಡ್ ಹಾಕಲೇಬೇಡಿ

ಪಿಕಪ್‌ನಲ್ಲಿ ಬೈಕ್ ಸಾಗಿಸುವಾಗ ಸೆಂಟರ್ ಸ್ಟ್ಯಾಂಡೋ ಸೈಡ್ ಸ್ಟ್ಯಾಂಡೋ, ನೈಲಾನ್ ಹಗ್ಗ ಸಾಕೋ, ಹಿಂದೆ ಒಬ್ಬರು ಹಿಡಿದುಕೊಂಡು ಕೂರಬೇಕೋ ಎಂದು ಕೇಳಿದ್ದೀರಿ. 2017ರಲ್ಲಿ ಇವು ಮೂರೂ ನನ್ನ ಪ್ರಶ್ನೆಗಳೇ ಆಗಿದ್ದವು.

ಮೈಸೂರಿನ ಸೋದರಮಾವ ತಮ್ಮ ಯೆಜ್ಡಿ ರೋಡ್‌ಕಿಂಗ್ ಅನ್ನು ನನಗೆ ಕೊಟ್ಟಿದ್ದರು. ಅದೇ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಒಂದು ಬಿಡಿಭಾಗ ಬೇಕೆಂದರೂ ಗುಜರಿ ಅಂಗಡಿ ಅಲೆಯಬೇಕು. ಪುತ್ತೂರಿನವರೆಗೆ ಓಡಿಸಿ ತರುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಖಾಲಿ ಮರಳುತ್ತಿದ್ದ ಒಂದು ಪಿಕಪ್ ಸಿಕ್ಕಿತು. ಚಾಲಕ ನನಗಿಂತ ಚಿಕ್ಕವನು. ಕಿಕ್ಕರ್ ಎಲ್ಲಿದೆ ಎಂದು ಗಾಡಿಯ ಸುತ್ತ ಹುಡುಕಿ, ಗೇರ್ ಲಿವರೇ ತಿರುಗಿ ಕಿಕ್ಕರ್ ಆಗುವುದನ್ನು ತೋರಿಸಿದಾಗ ನಕ್ಕುಬಿಟ್ಟ. "ಸೆಂಟರ್ ಸ್ಟ್ಯಾಂಡ್ ಹಾಕಿ ನಾಲ್ಕು ಹಗ್ಗ ಬಿಗಿದರೆ ಅಲುಗುವುದಿಲ್ಲ ಸಾರ್" ಎಂದ. ಹಾಗೆಯೇ ಮಾಡಿದೆವು.

ಮುಂದಿನ ಮಡ್‌ಗಾರ್ಡ್‌ಗೆ ಗೀರು ಬೀಳಬಾರದೆಂದು ಚಕ್ರಕ್ಕೂ ಕ್ಯಾಬಿನ್ ಹಿಂದಿನ ತಗಡಿಗೂ ನಡುವೆ ನಾನು ಒಂದು ಗೇಣು ಜಾಗ ಬಿಡಿಸಿದೆ. ಕೆಟ್ಟದ್ದು ಅಲ್ಲೇ.

ಮನೆಯಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್‌ನಿಂದ ಹೇಗೆ ಇಳಿಸುತ್ತೀರಿ? ಮುಂದಕ್ಕೆ ನೂಕುತ್ತೀರಿ, ಸ್ಟ್ಯಾಂಡ್ ತಾನಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ಪಿಕಪ್ ಬ್ರೇಕ್ ಹಾಕಿದಾಗ ಗಾಡಿಯ ಮೇಲೆ ಬೀಳುವುದೂ ಅದೇ ನೂಕು. ಮುಂದೆ ಒಂದು ಗೇಣು ಜಾಗವನ್ನು ನಾನೇ ಒದಗಿಸಿದ್ದೆನಲ್ಲ! ಅಷ್ಟಕ್ಕೇ ಮುಗಿಯಲಿಲ್ಲ. ಹಗ್ಗ ಬಿಗಿದದ್ದು ಗಾಡಿ ಸ್ಟ್ಯಾಂಡಿನ ಮೇಲೆ ಎತ್ತರಕ್ಕೆ ನಿಂತಿದ್ದಾಗ. ಸ್ಟ್ಯಾಂಡ್ ಮಡಚಿ ಗಾಡಿ ಒಂದೆರಡು ಅಂಗುಲ ತಗ್ಗಿದರೆ ಆ ನಾಲ್ಕು ಹಗ್ಗವೂ ಒಟ್ಟಿಗೆ ಸಡಿಲ. ಒಂದು ಹಗ್ಗ ತುಂಡಾದರೆ ಉಳಿದ ಮೂರು ಹಿಡಿಯುತ್ತವೆ. ಇಲ್ಲಿ ಹಗ್ಗವೇನೂ ತುಂಡಾಗಲಿಲ್ಲ, ನಾಲ್ಕೂ ಸುಮ್ಮನೆ ಜೋತುಬಿದ್ದವು.

ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿಯವರೆಗೆ, ಅಂದರೆ ಸುಮಾರು 120 ಕಿಲೋಮೀಟರ್, ಏನೂ ಆಗಲಿಲ್ಲ. ಅದರಿಂದಲೇ ಧೈರ್ಯ ಬಂದು ಒಮ್ಮೆಯೂ ಇಳಿದು ನೋಡಲಿಲ್ಲ. ಮದೆನಾಡು ಕಳೆದು ಸಂಪಾಜೆ ಘಾಟಿ ಇಳಿಯುವಾಗ ಹಿಂದೆ ಧಡ್ ಎಂದಿತು. ಚಾಲಕ, "ಜಾಕ್ ಇರಬೇಕು" ಎಂದ. ನಾನೂ ನಂಬಿದೆ. ಜೋಡುಪಾಲದಲ್ಲಿ ಚಹಾಕ್ಕೆ ಇಳಿದಾಗ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಗಾಡಿ ಎಡಕ್ಕೆ ಮಲಗಿತ್ತು. ಕ್ಲಚ್ ಲಿವರ್ ಮುರಿದಿತ್ತು, ಟ್ಯಾಂಕಿನ ಎಡಗೆನ್ನೆಯಲ್ಲಿ ಬಟ್ಟಲು ಕೂರಿಸುವಷ್ಟು ತಗ್ಗು. ಪೆಟ್ರೋಲ್ ನಲ್ಲಿಯನ್ನು ಮುಚ್ಚಿರಲಿಲ್ಲ, ಅದೂ ನನ್ನದೇ ತಪ್ಪು.

ಸೈಡ್ ಸ್ಟ್ಯಾಂಡ್ ಇನ್ನೂ ಕೆಟ್ಟದು. ಹಗ್ಗ ಬಿಗಿದಷ್ಟೂ ಭಾರವೆಲ್ಲ ಒಂದೇ ಕಾಲಿನ ಮೇಲೆ ಕೂರುತ್ತದೆ, ಪ್ರತಿ ಹಂಪಿನಲ್ಲೂ ಅದು ಬಾಗುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಗಾಡಿ ತನ್ನ ಎರಡು ಚಕ್ರಗಳ ಮೇಲೆಯೇ ನಿಲ್ಲಬೇಕು.

ಅದೇ ಯೆಜ್ಡಿಯನ್ನು ಟ್ಯಾಂಕ್ ರಿಪೇರಿಗೆ ಮತ್ತೆ ಮೈಸೂರಿಗೆ ಒಯ್ದಾಗ ಮಾಡಿದ್ದು ಹೀಗೆ. ಪಿಕಪ್ಪನ್ನು ಒಂದು ದಿಬ್ಬಕ್ಕೆ ಹಿಮ್ಮುಖವಾಗಿ ತಾಗಿಸಿ, ಇಬ್ಬರು ನೂಕಿ ಹತ್ತಿಸಿದೆವು. ಅಡಿಗೆ ಗೋಣಿ ಹಾಸಿ, ಮುಂದಿನ ಚಕ್ರವನ್ನು ಕ್ಯಾಬಿನ್ ಹಿಂದಿನ ತಗಡಿಗೆ ಒತ್ತಿ ನಿಲ್ಲಿಸಿದೆವು. ಗೀರು ಬಿದ್ದರೆ ಬೀಳಲಿ. ಲಾರಿಯವರು ಬಳಸುವ, ಹಲ್ಲುಚಕ್ರದಿಂದ ಬಿಗಿಯುವ ಬೆಲ್ಟ್ ನಾಲ್ಕು ತಂದಿದ್ದೆ. ಮುಂದಿನ ಎರಡನ್ನು ಹ್ಯಾಂಡಲ್ ತುದಿಗೆ ಕಟ್ಟಲಿಲ್ಲ. ಅಲ್ಲಿ ಕಟ್ಟಿದರೆ ಹ್ಯಾಂಡಲ್ ತಿರುಗುತ್ತದೆ, ಕೇಬಲ್ ಜಜ್ಜಿಹೋಗುತ್ತದೆ. ಹ್ಯಾಂಡಲ್ ಕೆಳಗೆ ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದು ಸ್ಪ್ರಿಂಗಿನ ಮೇಲೆ ಕುಗ್ಗುವ ಕವಲಿನ, ಎರಡು ಕೊಳವೆಗಳನ್ನು ಹಿಡಿದಿರುವ ಕಬ್ಬಿಣಕ್ಕೆ, ನಡುವೆ ಹಳೆಯ ಸೈಕಲ್ ಟ್ಯೂಬ್ ತುಂಡಿಟ್ಟು, ಎರಡೂ ಬದಿಗೆ ಕೆಳಮುಖವಾಗಿ ಎಳೆದು ಬಿಗಿದೆ. ಫೋರ್ಕ್ ಅರ್ಧ ಕುಗ್ಗಿದಾಗ ನಿಲ್ಲಿಸಿದೆ. ಪೂರ್ತಿ ಕುಗ್ಗಿಸಿದರೆ ಒಳಗಿನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಹೋಗಬಹುದು. ಕುಗ್ಗಿಸದೇ ಬಿಟ್ಟರೆ ಹಂಪಿನಲ್ಲಿ ಫೋರ್ಕ್ ಕುಗ್ಗಿದಾಗಲೆಲ್ಲ ಬೆಲ್ಟ್ ಸಡಿಲ. ಹಿಂದಿನ ಎರಡು ಬೆಲ್ಟ್ ಚಾಸಿಗೆ, ಹಿಂಬದಿ ಪಕ್ಕಕ್ಕೆ ಜಾರದಷ್ಟು ಮಾತ್ರ. ಮೊದಲ ಗೇರ್, ನಲ್ಲಿ ಬಂದ್.

ನೈಲಾನ್ ಹಗ್ಗ ಒಂದು ತಾಸಿನಲ್ಲಿ ಹಿಗ್ಗುತ್ತದೆ, ಅದನ್ನು ಚೀಲ ಕಟ್ಟಲು ಇಟ್ಟುಕೊಳ್ಳಿ. ಬೆಲ್ಟನ್ನೂ ನಂಬಿ ಕೂರಬೇಡಿ. ಸುಳ್ಯ ದಾಟುವ ಮೊದಲೇ ಇಳಿದು ನೋಡಿದೆ, ಮುಂದಿನ ಎಡ ಬೆಲ್ಟ್ ಎರಡು ಹಲ್ಲು ಬಿಗಿ ಕೇಳಿತು. ಆಮೇಲೆ ಮಡಿಕೇರಿಯಲ್ಲೂ ಹುಣಸೂರಿನಲ್ಲೂ ನೋಡಿದೆ, ಮುಟ್ಟಬೇಕಾಗಲಿಲ್ಲ.

ಇನ್ನು ಹಿಂದೆ ಒಬ್ಬರನ್ನು ಕೂರಿಸುವ ವಿಚಾರ. ಗಾಡಿ ಬಿದ್ದ ಆ ಮೊದಲ ದಿನ ನನ್ನ ತಮ್ಮ ಗಾಡಿ ಹಿಡಿದುಕೊಂಡು ಹಿಂದೆ ಕೂರುತ್ತೇನೆ ಎಂದು ಹಠ ಮಾಡಿದ್ದ. ಮಳೆ ಬರುವಂತಿದ್ದದ್ದರಿಂದ ಕ್ಯಾಬಿನ್ನಿಗೆ ಕರೆದುಕೊಂಡೆವು. ಅವನು ಕೂರಬೇಕೆಂದಿದ್ದದ್ದು ಗಾಡಿಯ ಎಡಬದಿಯಲ್ಲಿ.